ಹಗುರ ಡಂಬೆಲ್ ಕೊಟ್ಟು ಸಮಾಧಾನ ಮಾಡಬೇಡಿ

ಅರವತ್ತು ದಾಟಿದ ಹೆಂಗಸರು ನನ್ನ ಬಳಿ ಬಂದು ‘ಮನಸ್ಸು ಸರಿಯಿಲ್ಲ’ ಅನ್ನುವುದು ತುಂಬ ಅಪರೂಪ. ಮೊಣಕಾಲು ನೋವು, ಸುಸ್ತು, ನಿದ್ದೆ ಬರಲ್ಲ, ಯಾವುದೂ ಬೇಡ ಅನಿಸುತ್ತೆ ಎನ್ನುತ್ತಾರೆ. ಫಿಸಿಯೋಥೆರಪಿಸ್ಟ್ ಆದ ನಾನು ಮೊದಲು ಮೊಣಕಾಲನ್ನೇ ನೋಡುತ್ತೇನೆ. ಸ್ವಲ್ಪ ಮಾತಾಡಿಸಿದರೆ ಉಳಿದದ್ದು ಹೊರಬರುತ್ತದೆ. ಬೀಳುವ ಭಯಕ್ಕೆ ಅವರು ಒಬ್ಬರೇ ಹೊರಗೆ ಹೋಗುವುದನ್ನು ಬಿಟ್ಟಿರುತ್ತಾರೆ. ಹೊರಗೆ ಹೋಗದೆ ಗೆಳತಿಯರು ದೂರವಾಗಿರುತ್ತಾರೆ. ಕೂತಷ್ಟೂ ಕಾಲಿನ ಬಲ ಇಳಿಯುತ್ತದೆ, ಬಲ ಇಳಿದಷ್ಟೂ ಭಯ ಜಾಸ್ತಿಯಾಗುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ನಡಿಗೆ. ನಡಿಗೆ ಒಳ್ಳೆಯದೇ. ಆದರೆ ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಬಲ ಬರೀ ನಡಿಗೆಯಿಂದ ಬರುವುದಿಲ್ಲ. ಸ್ನಾಯುಗಳಿಗೆ ಕೆಲಸ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ.

ಇದರಿಂದ ಮನಸ್ಸಿಗೇನು? 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಬೇರೆ ಬೇರೆ ವಯಸ್ಸಿನವರ ಮೇಲೆ ನಡೆದ 33 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಭಾರದ ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ನನಗೆ ಬಹಳ ಮುಖ್ಯ ಅನಿಸಿದ್ದು ಇನ್ನೊಂದು ಅಂಶ: ಬಲ ಹೆಚ್ಚಾಗಿ ಬೆಳೆಯದವರಿಗೂ ಈ ಲಾಭ ಸಿಕ್ಕಿತ್ತು. ಅಂದರೆ ತೋಳು ಗಟ್ಟಿಯಾಗುವವರೆಗೆ ಮನಸ್ಸು ಕಾಯಬೇಕಿಲ್ಲ.

ಹಾಗಂತ ಎಷ್ಟು ಹಗುರವಾದರೂ ನಡೆಯುತ್ತದೆ ಅಂತಲ್ಲ. 2005ರಲ್ಲಿ ಆಸ್ಟ್ರೇಲಿಯಾದಲ್ಲಿ, ಖಿನ್ನತೆಯಿದ್ದ 60 ದಾಟಿದವರ ಮೇಲೆ 8 ವಾರಗಳ ಪ್ರಯೋಗ ನಡೆಯಿತು. ಒಂದು ಗುಂಪು ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ 80ರಷ್ಟನ್ನು ಎತ್ತಿತು, ಇನ್ನೊಂದು ಶೇ 20ರಷ್ಟನ್ನು. ಮೂರನೆಯ ಗುಂಪಿಗೆ ವೈದ್ಯರ ಸಾಮಾನ್ಯ ಆರೈಕೆ ಮಾತ್ರ. ಖಿನ್ನತೆ ಅರ್ಧಕ್ಕೆ ಇಳಿದದ್ದು ಮೊದಲ ಗುಂಪಿನ ಶೇ 61ರಷ್ಟು ಜನರಲ್ಲಿ, ಎರಡನೆಯದರಲ್ಲಿ ಶೇ 29, ಮೂರನೆಯದರಲ್ಲಿ ಶೇ 21. ಸಣ್ಣ ಪ್ರಯೋಗ, ನಿಜ. ಆದರೆ ನಾನು ದಿನವೂ ಕಾಣುವುದಕ್ಕೆ ಇದು ಹತ್ತಿರವಾಗಿದೆ.

ನಿದ್ದೆ ಸುಧಾರಿಸುವುದು, ದೇಹದೊಳಗಿನ ಉರಿಯೂತ ತಗ್ಗುವುದು, ಹೀಗೆ ಕಾರಣಗಳು ಹಲವು. ನನ್ನ ಅನುಭವದಲ್ಲಿ ದೊಡ್ಡ ಕಾರಣ ಬೇರೆ. ಕಳೆದ ತಿಂಗಳು ಆಗದ್ದು ಈ ತಿಂಗಳು ಆಯಿತು ಎಂಬುದು ಅವರಿಗೇ ಕಾಣುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದೆ ಎಂಬುದನ್ನು ಬೇರೆ ಯಾರೂ ಹೇಳಿ ನಂಬಿಸಬೇಕಿಲ್ಲ. ವರ್ಷಗಳಿಂದ ‘ನಿನಗೆ ಆಗಲ್ಲ, ಬಿಡು’ ಅಂತಲೇ ಕೇಳಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಪ್ರೀತಿಯಿಂದಲೇ ಆದರೂ, ಅಮ್ಮನ ಕೈಯಿಂದ ಚೀಲ ಕಸಿದುಕೊಳ್ಳುವ ಮಕ್ಕಳಿಗೆ ನಾನು ಕೇಳಿಕೊಳ್ಳುವುದಿಷ್ಟೆ: ಅವರು ಎತ್ತಬಲ್ಲದ್ದನ್ನು ಅವರೇ ಎತ್ತಲಿ.

ಎಷ್ಟು ಭಾರ? ಹತ್ತು ಸಲ ಎತ್ತಿ ನಿಲ್ಲಿಸಿದಾಗ ‘ಇನ್ನೆರಡು ಸಲ ಆಗುತ್ತೆ, ಅದಕ್ಕಿಂತ ಜಾಸ್ತಿ ಕಷ್ಟ’ ಅನಿಸಬೇಕು. ಮಾತಾಡುತ್ತಾ ಮೂವತ್ತು ಸಲ ಎತ್ತಬಹುದಾದ ಡಂಬೆಲ್‌ನಿಂದ ಹೆಚ್ಚೇನೂ ಆಗುವುದಿಲ್ಲ. ಮೊದಲ ಕೆಲವು ವಾರ ಹಗುರವಾಗಿಯೇ ಶುರುಮಾಡಿ, ಸರಿಯಾದ ಭಂಗಿ ಕಲಿತು, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಹಿಮ್ಮಡಿ ಎತ್ತುವುದು: ಆರಂಭಕ್ಕೆ ಇಷ್ಟು ಸಾಕು. ಎರಡು ಅವಧಿಗಳ ನಡುವೆ ಒಂದು ದಿನ ಬಿಡುವು ಇರಲಿ.

ಎತ್ತುವಾಗ ಉಸಿರು ಬಿಗಿಹಿಡಿಯಬಾರದು, ಬಿಪಿ ಏರುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಹಾಗಾಗಿ ಮೂಳೆ ಟೊಳ್ಳಾಗಿದೆ ಎಂದು ಗೊತ್ತಿರುವವರು ಬೆನ್ನು ಬಾಗಿಸಿ ಭಾರ ಎತ್ತಬಾರದು, ತಜ್ಞರ ಎದುರಿನಲ್ಲೇ ಕಲಿಯಬೇಕು. ಎದೆನೋವು, ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕಾಣಿ. ಖಿನ್ನತೆಯ ಮಾತ್ರೆಯನ್ನು ವ್ಯಾಯಾಮದ ಧೈರ್ಯದಲ್ಲಿ ನೀವೇ ನಿಲ್ಲಿಸಬೇಡಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಅಂದೇ ವೈದ್ಯರಿಗೆ, ಮನೆಯವರಿಗೆ ಹೇಳಿ.

ಹೆಚ್ಚಿನವರು ಕೈಬಿಡುವುದು ಜ್ವರವೋ ಪ್ರಯಾಣವೋ ಬಂದು ಎರಡು ವಾರ ತಪ್ಪಿದಾಗ. ಮತ್ತೆ ಬಂದಾಗ ಹಳೆಯ ಭಾರ ಏಳುವುದಿಲ್ಲ, ಎಲ್ಲ ಹಾಳಾಯಿತು ಅನಿಸುತ್ತದೆ. ಮನಸ್ಸು ಮೊದಲೇ ಕುಗ್ಗಿದ್ದರೆ ಅಷ್ಟೇ ಸಾಕು, ಮನೆಯಲ್ಲೇ ಉಳಿದುಬಿಡುತ್ತಾರೆ. ಅದಕ್ಕೆ ಶುರುವಿನಲ್ಲೇ ಹೇಳಿಬಿಡುತ್ತೇನೆ: ಇಂಥ ಬಿಡುವು ಬಂದೇ ಬರುತ್ತದೆ. ಬಂದಾಗ ಅರ್ಧ ಭಾರದಿಂದ ಆರಂಭಿಸಿ. ಕಳೆದ ಬಲ ಮೊದಲ ಸಲಕ್ಕಿಂತ ಬೇಗ ವಾಪಸ್ ಬರುತ್ತದೆ.