ಹೊಸ ಸೂಜಿ, ಹಳೆಯ ಪೆನ್ನು

ಮದುವೆಯ ಹಂಗಾಮು ಬಂತೆಂದರೆ ಕಲಬುರಗಿಯ ನನ್ನ ಚರ್ಮರೋಗ ಚಿಕಿತ್ಸಾಲಯಕ್ಕೆ ಮುಖದ ತುಂಬ ಬಾವು, ಕೀವುಗುಳ್ಳೆಗಳನ್ನು ಹೊತ್ತ ಹೆಣ್ಣುಮಕ್ಕಳು ಬರತೊಡಗುತ್ತಾರೆ. ಅವರಲ್ಲಿ ಕೆಲವರು ಬ್ಯೂಟಿ ಪಾರ್ಲರಿನಲ್ಲಿ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿಕೊಂಡವರು. ತೋಳಿನಿಂದ ತೆಗೆದ ಅವರದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ಬೇರ್ಪಡುವ ಹಳದಿ ದ್ರವವನ್ನು ಸೂಜಿಗಳಿಂದ ಚುಚ್ಚಿದ ಮುಖಕ್ಕೆ ಸವರುವ ವಿಧಾನವಿದು. ನಾನು ಏನನ್ನೂ ಕೇಳುವ ಮೊದಲೇ ಅವರು ಹೇಳುವ ಮಾತು ಒಂದೇ: “ಮೇಡಂ, ನನ್ನ ಮುಂದೇ ಪಾಕೀಟ್ ಹರದು ಹೊಸಾ ಸೂಜಿ ಹಾಕ್ಯಾರ್ರಿ. ರಕ್ತಾನೂ ನಂದೇ ಅದ.”

ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮುಖ ಚುಚ್ಚುವ ಸಾಧನವು ದಪ್ಪ ಪೆನ್ನಿನಾಕಾರದ ಒಂದು ಪುಟ್ಟ ಯಂತ್ರ. ಅದರ ತುದಿಗೆ ಸಣ್ಣ ಸೂಜಿಗಳಿರುವ ಪ್ಲಾಸ್ಟಿಕ್ ಕಾರ್ಟ್ರಿಜ್ ಸಿಕ್ಕಿಸುತ್ತಾರೆ. ನಿಮ್ಮೆದುರು ಪಾಕೀಟು ಹರಿದು ತೆಗೆಯುವುದು ಈ ಕಾರ್ಟ್ರಿಜನ್ನು ಮಾತ್ರ. ಸೂಜಿಗಳು ಒಂದೇ ಸಮನೆ ಒಳಗೆ ಹೊರಗೆ ಓಡುವಾಗ ಮುಖದ ಮೇಲಿನ ರಕ್ತವನ್ನೂ ಸವರಿದ ದ್ರವವನ್ನೂ ಹಿಂದಕ್ಕೆ ಸೆಳೆದುಕೊಳ್ಳಬಹುದು. ಕಾರ್ಟ್ರಿಜಿನೊಳಗೆ ತಡೆಪೊರೆ ಇಲ್ಲದಿದ್ದರೆ ಅದು ಪೆನ್ನಿನ ಒಡಲಿಗೇ ಇಳಿಯಬಹುದು. ಮರುದಿನ ಬೇರೊಬ್ಬರಿಗೆ ಹೊಸ ಕಾರ್ಟ್ರಿಜ್ ಹಾಕಿದರೂ ಪೆನ್ನು ಹಳೆಯದೇ. ಮೋಟರ್ ಇರುವ ಆ ಪೆನ್ನನ್ನು, ಬಿಸಿ ಉಗಿಯಿಂದ ರೋಗಾಣುಗಳನ್ನು ಕೊಲ್ಲುವ ಯಂತ್ರವಾದ ಆಟೋಕ್ಲೇವಿನ 121 ಡಿಗ್ರಿ ಉಗಿಯಲ್ಲಿ ಇಡುವಂತಿಲ್ಲ. ಪೆನ್ನಿಗೆ ಪ್ರತಿ ಸಲ ಹೊಸ ಕವಚ ಹಾಕಿದ್ದರೇ, ಕೈಗವಸು ಬದಲಿಸಿದ್ದರೇ, ರಕ್ತದ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದಿದ್ದರೇ? ಒಂದೇ ಮಧ್ಯಾಹ್ನ ಮೂವರ ರಕ್ತ ತೆಗೆದು ಹೆಸರಿಲ್ಲದ ಟ್ಯೂಬುಗಳಲ್ಲಿ ಇಟ್ಟರೆ ಯಾರ ರಕ್ತ ಯಾರ ಮುಖಕ್ಕೆ ಹೋಯಿತೆಂದು ಯಾರೂ ಹೇಳಲಾರರು. ರಕ್ತದ ಮೂಲಕ ಹರಡಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ಮೇಲ್ಮೈಯ ಮೇಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಅಲ್ಲಿ ರಕ್ತದ ಕಲೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಈ ಫೇಶಿಯಲ್ ಮಾಡಿಸಿಕೊಂಡ ಮೂವರು ಮಹಿಳೆಯರಿಗೆ ಅಲ್ಲಿಂದಲೇ ಎಚ್‌ಐವಿ ತಗುಲಿರುವ ಸಾಧ್ಯತೆ ಹೆಚ್ಚೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ತನಿಖೆಗೆ ಹೋದವರಿಗೆ ಅಲ್ಲಿ ಕಂಡದ್ದು ಅಡುಗೆಕಟ್ಟೆಯ ಮೇಲೆ ಹೆಸರಿಲ್ಲದ ರಕ್ತದ ಟ್ಯೂಬುಗಳು, ಫ್ರಿಜ್ಜಿನಲ್ಲಿ ಊಟದ ಪದಾರ್ಥಗಳ ಜೊತೆಯಲ್ಲೇ ರಕ್ತ ಮತ್ತು ಇಂಜೆಕ್ಷನ್ ಔಷಧಿ, ಡ್ರಾಯರಿನಲ್ಲಿ ಹೊದಿಕೆ ತೆಗೆದ ಸಿರಿಂಜುಗಳು. ಆಟೋಕ್ಲೇವ್ ಇರಲೇ ಇಲ್ಲ.

ನಮ್ಮ ಪಾರ್ಲರುಗಳೆಲ್ಲ ಹೀಗಿವೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯವೂ ಹೌದು. ಕಳೆದ ವರ್ಷ ಪಾರ್ಲರ್ ನಡೆಸುವ ಒಬ್ಬ ಹೆಣ್ಣುಮಗಳು ತನ್ನ ಗಿರಾಕಿಯನ್ನು ತಾನೇ ಕರೆದುಕೊಂಡು ನನ್ನ ಬಳಿ ಬಂದಿದ್ದಳು. ಎರಡು ದಿನದ ತರಬೇತಿ ಮುಗಿಸಿ, ಆನ್‌ಲೈನಿನಲ್ಲಿ ಪೆನ್ನು ತರಿಸಿಕೊಂಡಿದ್ದಳು. ಅದನ್ನು ಸ್ವಚ್ಛವಾದ ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಕಾರ್ಟ್ರಿಜ್ ಕಳಚಿ, ಪೆನ್ನಿನ ಬಾಯೊಳಗೆ ತೆಳ್ಳನೆಯ ಹತ್ತಿಕಡ್ಡಿಯೊಂದನ್ನು ತಿರುಗಿಸಿದೆ. ಹತ್ತಿಯ ತುದಿ ಕಂದುಬಣ್ಣಕ್ಕೆ ತಿರುಗಿತು. ಆಕೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. “ದಿನಾ ಸ್ಪಿರಿಟ್ನಾಗ ಒರಸ್ತಿದ್ದೆ ಮೇಡಂ” ಎಂದಳು. ಸುಳ್ಳು ಹೇಳುವ ಮುಖ ಅದಲ್ಲ. ಸ್ಪಿರಿಟ್ ಹೊರಗೆ ಒರೆಸುತ್ತದೆ, ಒಳಗೆ ಇಳಿದದ್ದನ್ನು ಮುಟ್ಟುವುದಿಲ್ಲ ಎಂಬುದನ್ನು ಆಕೆಗೆ ಕಲಿಸಿದವರೇ ಇರಲಿಲ್ಲ.

ಆಕೆಯ ಅಂಗಡಿಗೆ ಪಾಲಿಕೆಯ ಉದ್ದಿಮೆ ಪರವಾನಗಿ ಇತ್ತು, ಅದನ್ನು ಕಟ್ಟು ಹಾಕಿಸಿ ಗೋಡೆಗೂ ತೂಗುಹಾಕಿದ್ದಳು. ಆದರೆ ಉದ್ದಿಮೆ ಪರವಾನಗಿಯು ಅಂಗಡಿ ನಡೆಸಲು ಕೊಡುವ ಅನುಮತಿ, ರಕ್ತ ತೆಗೆಯಲು ಕೊಡುವ ಅನುಮತಿಯಲ್ಲ. ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು, ಬಳಸಿದ ಸೂಜಿಗಳು ತೂತಾಗದಂಥ ಬಿಳಿ ಡಬ್ಬಿಗೆ ಹೋಗಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಪಾರ್ಲರಿನ ಕಸದ ಬುಟ್ಟಿಯಲ್ಲಿ ಬಿದ್ದ ಸೂಜಿ ಬೆಳಿಗ್ಗೆ ಬರುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಆದ್ದರಿಂದ ಪರವಾನಗಿ ನವೀಕರಿಸುವಾಗ ಪಾಲಿಕೆಯು ಪಾರ್ಲರಿನಲ್ಲಿ ನಡೆಯುವ ಕೆಲಸಗಳ ಪಟ್ಟಿಯನ್ನು ಕೇಳಿ, ಚರ್ಮವನ್ನು ಸೂಜಿ ದಾಟುವಂಥದ್ದೇನಾದರೂ ಇದ್ದರೆ ಆರೋಗ್ಯ ಇಲಾಖೆಗೆ ತಿಳಿಸುವ ವ್ಯವಸ್ಥೆ ಬೇಕೆಂಬುದು ನನ್ನ ಅಭಿಪ್ರಾಯ. ಥ್ರೆಡಿಂಗ್, ಮೆಹಂದಿ ಮಾಡಿ ಮನೆ ನಡೆಸುವವರಿಗೆ ಇದರಿಂದ ತೊಂದರೆಯಾಗಬಾರದು.

ಈಗಾಗಲೇ ಮಾಡಿಸಿಕೊಂಡವರು ಗಾಬರಿಯಾಗುವುದು ಬೇಡ, ಸೋಂಕು ತಗುಲದಿರುವ ಸಾಧ್ಯತೆಯೇ ಹೆಚ್ಚು. ಆದರೆ ಅನುಮಾನವಿದ್ದರೆ ಮುಚ್ಚಿಡಬೇಡಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಫೇಶಿಯಲ್ ಆದ 72 ಗಂಟೆಯೊಳಗೆ ಶುರು ಮಾಡಬೇಕು, ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ದಿನಗಳು ಕಳೆದಿದ್ದರೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣಿಸದಿದ್ದರೆ, ವೈದ್ಯರು ಹೇಳಿದ ದಿನಕ್ಕೆ ಮತ್ತೊಮ್ಮೆ ರಕ್ತ ಕೊಡಲೇಬೇಕು. ಆ ಪಾರ್ಲರಿನ ಹೆಣ್ಣುಮಗಳು ತನ್ನ ಹನ್ನೊಂದು ಗಿರಾಕಿಗಳ ಹೆಸರನ್ನು ನೋಟ್‌ಬುಕ್ಕಿನಿಂದ ತೆಗೆದು, ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ಪರೀಕ್ಷೆಗೆ ಕಳುಹಿಸಿದಳು. ಒಂಬತ್ತು ಮಂದಿ ಬಂದರು. ಉಳಿದಿಬ್ಬರಿಗೆ ಈಗಲೂ ಫೋನ್ ಮಾಡುತ್ತಿದ್ದಾಳೆ.