‘ಕೊಡಲ್ಲ’ ಅಂದರೆ ಜಮೀನು ಬಿಡುತ್ತಾರಾ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು, ನಾಲೆ ಬಯಲು. ಗದ್ದೆಯಲ್ಲಿ ಹತ್ತು ಗುಂಟೆ ರಸ್ತೆಗೆ ಹೋಗುತ್ತದಂತೆ, ಪೇಪರಿನಲ್ಲಿ ಪ್ರಾಥಮಿಕ ಅಧಿಸೂಚನೆಯೂ ಬಂದಿದೆ. ನಾವು ಕೊಡಲ್ಲ ಅಂದರೆ ಬಿಡ್ತಾರಾ?

ಉತ್ತರ: ಬರೀ ‘ಕೊಡಲ್ಲ’ ಅಂದಿದ್ದಕ್ಕೆ ಬಿಡುವುದಿಲ್ಲ. 1978ರ 44ನೇ ತಿದ್ದುಪಡಿಯ ನಂತರ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ. ಸರ್ಕಾರ ತನ್ನದೇ ರಸ್ತೆಗೋ ಆಸ್ಪತ್ರೆಗೋ ತೆಗೆದುಕೊಳ್ಳುವಾಗ ಮಾಲೀಕರ ಒಪ್ಪಿಗೆ ಬೇಕಿಲ್ಲ. ಖಾಸಗಿ ಕಂಪನಿಗಾದರೆ ಶೇ 80, ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಶೇ 70ರಷ್ಟು ಕುಟುಂಬಗಳು ಒಪ್ಪಬೇಕು.

ಹಾಗಂತ ಯಾರು ಬೇಕಾದರೂ ಬಂದು ಕಲ್ಲು ನೆಡುವಂತಿಲ್ಲ. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ ಸಂವಿಧಾನದ 300ಎ ವಿಧಿ. ಪಂಚಾಯಿತಿಗೆ, ಪುರಸಭೆಗೆ ಜಾಗ ಬೇಕಿದ್ದರೆ ನಿಮ್ಮೊಂದಿಗೆ ಮಾತಾಡಿ ಕೊಳ್ಳಬೇಕು, ಇಲ್ಲವೇ ಜಿಲ್ಲಾಡಳಿತದ ಮೂಲಕ ಭೂಸ್ವಾಧೀನ ಮಾಡಿಸಬೇಕು. ‘ನಾಳೆ ಜೆಸಿಬಿ ಬರುತ್ತೆ’ ಎಂದು ಯಾರಾದರೂ ಹೆದರಿಸಿದರೆ ಆದೇಶದ ಪ್ರತಿ ಕೇಳಿ.

ಅಧಿಸೂಚನೆ ಯಾವ ಕಾಯ್ದೆಯಡಿ ಹೊರಟಿದೆ ಎಂಬುದನ್ನು ಮೊದಲು ನೋಡಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಆಕ್ಷೇಪಣೆಗೆ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ 21 ದಿನ ಮಾತ್ರ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಾದ ಮೇಲೆ ಜಿಲ್ಲಾಧಿಕಾರಿಯ ವಿನಾಯಿತಿ ಇಲ್ಲದೆ ಆ ಜಮೀನನ್ನು ಮಾರುವಂತಿಲ್ಲ, ಅದರ ಮೇಲೆ ಸಾಲದ ಭಾರ ಹೊರಿಸುವಂತಿಲ್ಲ.

ಇನ್ನು ದುಡ್ಡಿನ ವಿಚಾರ. ನಮ್ಮ ರೈತರು ನಿಜಕ್ಕೂ ಪೆಟ್ಟು ತಿನ್ನುವುದು ಇಲ್ಲೇ. ಮಾರುಕಟ್ಟೆ ಮೌಲ್ಯ ನಿಗದಿಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರ ನೋಡುತ್ತಾರೆ. ಸುತ್ತಮುತ್ತ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿಯನ್ನೂ ತೆಗೆಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದು ಲೆಕ್ಕಕ್ಕೆ. ಆದರೆ ಮುದ್ರಾಂಕ ಶುಲ್ಕ ಉಳಿಸಲು ಐವತ್ತು ಲಕ್ಷದ ಜಮೀನನ್ನು ಇಪ್ಪತ್ತು ಲಕ್ಷಕ್ಕೆ ಬರೆಸುವ ರೂಢಿ ಊರೂರಲ್ಲಿದೆ. ಒಬ್ಬರು ಉಳಿಸಿದ ಆ ಶುಲ್ಕ ಪಕ್ಕದ ಹತ್ತು ಜನರ ಪರಿಹಾರವನ್ನು ಕಡಿಮೆ ಮಾಡುತ್ತದೆ. ಭೂಸ್ವಾಧೀನ ಶುರುವಾಗುವ ಮೊದಲು ದರ ಪರಿಷ್ಕರಿಸಬೇಕಾದದ್ದು ಜಿಲ್ಲಾಧಿಕಾರಿಯ ಹೊಣೆ. ಊರಿನವರೆಲ್ಲ ಸೇರಿ ಅದನ್ನು ಒತ್ತಾಯಿಸಬೇಕು.

ಎಕರೆಗೆ 20 ಲಕ್ಷ ಅಂದುಕೊಳ್ಳಿ. ಹತ್ತು ಗುಂಟೆಗೆ 5 ಲಕ್ಷ. ಗ್ರಾಮಾಂತರ ಜಮೀನಿಗೆ ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಗುಣಕ ಹಾಕುತ್ತಾರೆ. 2 ಸಿಕ್ಕರೆ 10 ಲಕ್ಷ. ತೆಂಗಿನ ಮರ, ಬೋರ್‌ವೆಲ್‌ಗೆ 1 ಲಕ್ಷ ಸೇರಿದರೆ 11. ಅದರ ಮೇಲೆ, ಇಷ್ಟವಿಲ್ಲದೆ ಜಮೀನು ಬಿಡಬೇಕಾದ್ದಕ್ಕೆ ಕೊಡುವ ಶೇ 100 ಸಾಂತ್ವನ ಧನ ಸೇರಿ 22 ಲಕ್ಷ. ಇದಲ್ಲದೆ ಮಾರುಕಟ್ಟೆ ಮೌಲ್ಯದ ಮೇಲೆ ವರ್ಷಕ್ಕೆ ಶೇ 12ರಷ್ಟು ಹೆಚ್ಚುವರಿ ಮೊತ್ತವೂ ಉಂಟು. ಹಾಗಾಗಿ ಜಂಟಿ ಅಳತೆಗೆ ಬಂದ ದಿನ ಮನೆಯವರೊಬ್ಬರು ಜಮೀನಿನಲ್ಲೇ ಇರಿ. ಒಂದು ತೆಂಗಿನ ಮರ ಮಹಜರಿನಲ್ಲಿ ಬಿಟ್ಟುಹೋದರೂ ಅದರ ಬೆಲೆ ದುಪ್ಪಟ್ಟಾಗಿ ಕಳೆದುಹೋಗುತ್ತದೆ.

ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆಯೇ? ಮಂಡ್ಯ ಕಡೆ ಇದು ಮನೆಮನೆಯ ಕಥೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿರುತ್ತಾರೆ, ಪೋಡಿ (ಅಳತೆ ಮಾಡಿ ದಾಖಲೆಯಲ್ಲಿ ಭಾಗ ಬೇರ್ಪಡಿಸುವುದು) ಆಗಿರುವುದಿಲ್ಲ. ಹಂಚಿಕೆಯಲ್ಲಿ ತಕರಾರು ಎದ್ದರೆ ಪರಿಹಾರ ನಿಮ್ಮ ಖಾತೆಗೆ ಬರದೆ ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಈ ವಾರವೇ ಅರ್ಜಿ ಕೊಡಿ. ಅಕ್ಕತಂಗಿಯರ ಹೆಸರು ಬಿಡಬೇಡಿ. ಅವರಿಗೂ ಹಕ್ಕಿದೆ, ಮುಚ್ಚಿಟ್ಟರೆ ಕೇಸಾಗಿ ಎಲ್ಲರ ದುಡ್ಡೂ ನಿಲ್ಲುತ್ತದೆ.

2013ರ ಕಾಯ್ದೆಯಡಿ ಐತೀರ್ಪಿನ (ಪರಿಹಾರ ನಿಗದಿಪಡಿಸುವ ಆದೇಶದ) ಮೊತ್ತ ಕಡಿಮೆ ಎನಿಸಿದರೂ ಹಣ ತಗೊಳ್ಳಬಹುದು. ಆದರೆ ಸಹಿ ಹಾಕುವಾಗ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆಯಲೇಬೇಕು. ಬರೆಯದೆ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಇರುವುದಿಲ್ಲ. ಐತೀರ್ಪಿನ ದಿನ ನೀವು ಹಾಜರಿದ್ದರೆ ಅಂದಿನಿಂದ ಆರು ವಾರದೊಳಗೆ, ಪ್ರಕರಣವನ್ನು ಪ್ರಾಧಿಕಾರಕ್ಕೆ ಕಳಿಸಿ ಎಂದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ.