ಎರಡು ಸಾವಿರ ರೂಪಾಯಿ ಮತ್ತು ಅದು ಬರುವ ತಾರೀಖು

ಸಾಲದ ಕಟ್ಟು ಬಿಡಿಸಿಕೊಳ್ಳುವ ದಾರಿ ಕೇಳಿಕೊಂಡು ಬರುವವರ ಮುಂದೆ ನಾನು ಮೊದಲು ಇಡುವುದು ಗೋಡೆಗೆ ತೂಗುಹಾಕುವ ಕ್ಯಾಲೆಂಡರನ್ನು. ಪಾಸ್‌ಬುಕ್ಕು, ಸಾಲದ ಕಾರ್ಡು, ಸಂಘದ ಲೆಕ್ಕ ಎಲ್ಲವೂ ಆಮೇಲೆ. ಯಾವ ತಿಂಗಳು ಎಷ್ಟು ದಿನ ಕೂಲಿ ಸಿಕ್ಕಿತು, ಯಾವ ತಿಂಗಳು ಕೈ ಬರಿದಾಗಿತ್ತು, ಯಾವ ಹಬ್ಬಕ್ಕೆ ಯಾರ ಹತ್ತಿರ ಕೈಸಾಲ ಮಾಡಿದಿರಿ ಎಂದು ಕೇಳುತ್ತಾ ಅದರ ಮೇಲೆ ಗುರುತು ಹಾಕುತ್ತಾ ಹೋದರೆ, ಒಂದು ಗಂಟೆಯೊಳಗೆ ಆ ಮನೆಯ ಇಡೀ ವರ್ಷ ಕಣ್ಣೆದುರು ಬರುತ್ತದೆ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹಣಕಾಸು ಸಾಕ್ಷರತಾ ಸಲಹೆಗಾರನಾಗಿ ಕೆಲಸ ಮಾಡುತ್ತಾ ಇಂಥ ಎಷ್ಟೋ ಕ್ಯಾಲೆಂಡರುಗಳನ್ನು ತುಂಬಿಸಿದ್ದೇನೆ. ಅವುಗಳಲ್ಲಿ ಬಹುಪಾಲು ತೋರಿಸುವುದು ಒಂದೇ ಸಂಗತಿಯನ್ನು: ದುಡಿಯುವ ಕುಟುಂಬವೊಂದು ಸಾಲಕ್ಕೆ ಬೀಳುವುದಕ್ಕೆ ವರಮಾನ ಕಡಿಮೆ ಇರುವುದು ಎಷ್ಟು ಕಾರಣವೋ, ಆ ವರಮಾನ ಬೇಕಾದ ಹೊತ್ತಿಗೆ ಬಾರದೇ ಇರುವುದೂ ಅಷ್ಟೇ ಕಾರಣ. ರಾಜ್ಯ ಸರ್ಕಾರ ಗೃಹಲಕ್ಷ್ಮಿ ಯೋಜನೆಯಲ್ಲಿ ಮಹಿಳೆಯರಿಗೆ ಕೊಡುವ ತಿಂಗಳ ಎರಡು ಸಾವಿರ ರೂಪಾಯಿಯನ್ನೂ ನಾನು ನೋಡುವುದು ಈ ಕಣ್ಣಿನಿಂದಲೇ.

ಒಂದು ಮನೆಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅತ್ತೆ ಇದ್ದಾರೆ. ಸ್ವಂತ ಜಮೀನಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ, ದಸರೆ ಕಳೆದ ಮೇಲೆ ಹತ್ತಿ ಬಿಡಿಸುವುದು, ಸಂಕ್ರಾಂತಿ ದಾಟಿದ ಮೇಲೆ ಮೆಣಸಿನಕಾಯಿ, ಹೀಗೆ ಹೆಂಡತಿಯ ಕೂಲಿ ಹೊಲಗಳ ಹಂಗಾಮಿನ ಜೊತೆಗೇ ಸಾಗುತ್ತದೆ. ಯುಗಾದಿಯ ನಂತರ ಹೊಲದಲ್ಲಿ ಕೆಲಸವಿಲ್ಲ. ಆಗ ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾನೆ, ವಾರದ ಬಟವಾಡೆಯಲ್ಲಿ ತನ್ನ ಊಟದ ಖರ್ಚು ಕಳೆದು ಉಳಿದದ್ದನ್ನು ಫೋನಿನಲ್ಲಿ ಕಳಿಸುತ್ತಾನೆ. ಕೆಲಸ ನಿಂತ ವಾರ ಏನೂ ಬರುವುದಿಲ್ಲ. ಅವರ ಕ್ಯಾಲೆಂಡರಿನಲ್ಲಿ ಏಪ್ರಿಲ್‌ನಿಂದ ಜುಲೈವರೆಗಿನ ಹಾಳೆಗಳಲ್ಲಿ ಖರ್ಚಿನ ಗುರುತುಗಳೇ ತುಂಬಿದ್ದವು. ಮಕ್ಕಳ ನೋಟ್‌ಬುಕ್ಕು, ಮಳೆಗೆ ಮುಂಚೆ ಮಾಳಿಗೆಯ ದುರಸ್ತಿ, ಅತ್ತೆಯ ಬಿ.ಪಿ. ಮಾತ್ರೆ ಎಲ್ಲವೂ ಅಲ್ಲಿಯೇ ಬಂದು ಸೇರುತ್ತವೆ.

ಆ ನಾಲ್ಕು ತಿಂಗಳನ್ನು ಅವರು ಮೊದಲು ದಾಟುತ್ತಿದ್ದ ಬಗೆ ಹೀಗಿತ್ತು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿತ್ತು. ಅಂಗಡಿಯವರು ಸಾಕು ಎಂದ ದಿನ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯಂತೆ ಹತ್ತು ಸಾವಿರ ತರುತ್ತಿದ್ದರು. ಅಂದರೆ ತಿಂಗಳಿಗೆ 500 ರೂಪಾಯಿ ಬಡ್ಡಿಗೇ ಹೋಗುತ್ತದೆ. ವರ್ಷ ತುಂಬಿದರೆ 6,000 ರೂಪಾಯಿ ಕಟ್ಟಿಯೂ ಅಸಲು ಹಾಗೇ ಉಳಿದಿರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಬಂದ ಕೂಲಿ ಆ ಬಡ್ಡಿಗೂ ಉದ್ರಿಗೂ ಜಮೆಯಾಗಿ ಮತ್ತೆ ಯುಗಾದಿಗೆ ಕೈ ಬರಿದಾಗುತ್ತಿತ್ತು.

ಈ ಮನೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದ್ದು 2023ರ ಕೊನೆಗೆ. ಆ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆ, ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಯ ಖಾತೆಗೆ ನೇರವಾಗಿ ಹಣ ಹಾಕುತ್ತದೆ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರು ಅಥವಾ ಜಿ.ಎಸ್‌.ಟಿ. ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಸಿಗುವುದಿಲ್ಲ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಮಹಿಳೆಯರು ಇದನ್ನು ಪಡೆಯುತ್ತಿದ್ದಾರೆ. ಮೊತ್ತವನ್ನು ಕೂಲಿಯ ಅಳತೆಯಲ್ಲಿ ನೋಡುವುದಾದರೆ, 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಸಾವಿರವೆಂದರೆ ಐದೂವರೆ ದಿನದ ದುಡಿಮೆಗೂ ತುಸು ಕಡಿಮೆ. ಐದು ದಿನದ ಕೂಲಿಯಿಂದ ಒಂದು ಸಂಸಾರದಲ್ಲಿ ಏನು ತಾನೇ ಬದಲಾದೀತು ಎಂದು ಸಭೆಗಳಲ್ಲಿ ನನ್ನನ್ನು ಕೇಳುವವರಿದ್ದಾರೆ. ಬದಲಾವಣೆಯನ್ನು ನಾನು ಕಂಡಿರುವುದು ಬರೀ ಖರ್ಚಿನ ಪಟ್ಟಿ ನೋಡಿದರೆ ಕಾಣಿಸದ ಜಾಗಗಳಲ್ಲಿ.

ಮೊದಲನೆಯದು ಕಿರಾಣಿ ಅಂಗಡಿ. ಉದ್ರಿ ಕೊಡುವವರು ಗಿರಾಕಿಯ ಆಸ್ತಿಯನ್ನು ನೋಡುವುದಿಲ್ಲ, ಹಣ ಬರುವ ಹಾದಿಯನ್ನು ನೋಡುತ್ತಾರೆ. ತಿಂಗಳಿಗೊಮ್ಮೆ ಈ ಹೆಣ್ಣುಮಗಳ ಖಾತೆಗೆ ಹಣ ಬೀಳುತ್ತದೆ ಎಂಬುದು ಖಾತ್ರಿಯಾದ ಮೇಲೆ, ಮೇ ತಿಂಗಳಲ್ಲೂ ಜೋಳ, ಎಣ್ಣೆ, ಬೇಳೆ ಕೊಡಲು ಅಂಗಡಿಯವರು ಹಿಂದೆಮುಂದೆ ನೋಡಲಿಲ್ಲ. ಬಡ್ಡಿ ಇಲ್ಲದ ಈ ಉದ್ರಿ ಸಿಕ್ಕಿದ್ದರಿಂದಲೇ ಬಡ್ಡಿಯ ಹತ್ತು ಸಾವಿರವನ್ನು ತರುವ ಅಗತ್ಯ ಆ ವರ್ಷ ಬರಲಿಲ್ಲ. ಹೀಗೆ ಎರಡು ಸಾವಿರದ ಬೆನ್ನಿಗೆ ಬಡ್ಡಿಯ ಐದುನೂರೂ ಉಳಿಯಿತು. ಬಡವರಿಗೆ ಕೊಟ್ಟ ಒಂದು ರೂಪಾಯಿಯನ್ನು ಒಂದೇ ರೂಪಾಯಿ ಎಂದು ಎಣಿಸುವವರು ಈ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯದು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಕೆಲಸವಿಲ್ಲದ ದಿನಗಳಲ್ಲಿ ಮೇಸ್ತ್ರಿಗಳು ಹಳ್ಳಿಗೆ ಬಂದು ಮುಂಗಡ ಕೊಡುತ್ತಾರೆ. ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯುವುದಕ್ಕೋ ಕಟ್ಟಡಕ್ಕೋ ಆ ಮುಂಗಡ ತೀರುವ ತನಕ ದುಡಿಯಬೇಕು. ಕೂಲಿ ಎಷ್ಟು, ಹೊತ್ತು ಎಷ್ಟು ಎಂಬುದನ್ನು ತೀರ್ಮಾನಿಸುವವರು ಮುಂಗಡ ಕೊಟ್ಟವರೇ. ಮನೆಯಲ್ಲಿ ಅಕ್ಕಿ ಮುಗಿದಿರುವ ದಿನ ಆ ನೋಟುಗಳನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ನಾನು ಹೇಳುತ್ತಿರುವ ಮನೆಯ ಗಂಡ 2024ರ ಬೇಸಿಗೆಯಲ್ಲಿ ಮುಂಗಡ ಹಿಡಿಯದೆ ಹದಿನೈದು ದಿನ ಕಾದು, ತನ್ನದೇ ಬಸ್ಸಿನ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ, ಹೆಚ್ಚು ಕೂಲಿ ಕೊಡುವ ಕಡೆ ಕೆಲಸ ಹಿಡಿದ. ಆ ಹದಿನೈದು ದಿನ ಮನೆಯ ಒಲೆ ಹೊತ್ತಿಸಿದ್ದು ಹೆಂಡತಿಯ ಖಾತೆಯ ಹಣ. ನಿಯತವಾಗಿ ಬರುವ ಸಣ್ಣ ಮೊತ್ತವೊಂದು ಕೂಲಿಕಾರನಿಗೆ ಕೊಡುವ ಅತಿ ಬೆಲೆಯುಳ್ಳ ಸಂಗತಿ ಎಂದರೆ ಹೀಗೆ ಕಾಯುವ ಶಕ್ತಿ. ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಕೇಳಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ದುಡಿಯುವುದನ್ನು ಬಿಟ್ಟವರು ನನ್ನ ಕ್ಯಾಲೆಂಡರುಗಳಲ್ಲಿ ಸಿಗುವುದಿಲ್ಲ. ಕೆಟ್ಟ ಕರಾರನ್ನು ಬಿಟ್ಟು ಮೇಲಾದದ್ದನ್ನು ಹುಡುಕಿಕೊಂಡವರು ಸಿಗುತ್ತಾರೆ. ಕುಡಿತಕ್ಕೆ ಹೋಗುತ್ತದೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಲ್ಯಾಟಿನ್ ಅಮೆರಿಕ, ಆಫ್ರಿಕಾ ಮತ್ತು ಏಷ್ಯಾದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ವಬ್ಯಾಂಕಿನ ಸಂಶೋಧಕರು, ನಗದು ನೆರವು ಪಡೆದ ಮನೆಗಳಲ್ಲಿ ಮದ್ಯ ಮತ್ತು ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಲಿಲ್ಲ ಎಂದು 2014ರಲ್ಲೇ ತೋರಿಸಿದ್ದಾರೆ.

ನಮ್ಮ ದೇಶದಲ್ಲೇ ಇದಕ್ಕೊಂದು ಹಳೆಯ ಪರೀಕ್ಷೆ ನಡೆದಿತ್ತು. 2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ, ಮಹಿಳಾ ಕಾರ್ಮಿಕರ ಸಂಘಟನೆಯಾದ ‘ಸೇವಾ’ (SEWA), ಯುನಿಸೆಫ್‌ನ ನೆರವಿನಿಂದ ಪ್ರತಿ ವಯಸ್ಕರಿಗೆ ತಿಂಗಳಿಗೆ 200 ಮತ್ತು ಪ್ರತಿ ಮಗುವಿಗೆ 100 ರೂಪಾಯಿ ಕೊಟ್ಟಿತು. ನಂತರ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಯಾವ ಷರತ್ತೂ ಇರಲಿಲ್ಲ. ಆ ಮನೆಗಳಲ್ಲಿ ಊಟದ ಗುಣಮಟ್ಟ ಮತ್ತು ಮಕ್ಕಳ ಶಾಲಾ ಹಾಜರಾತಿ ಸುಧಾರಿಸಿತು, ಸಾಲದ ಹೊರೆಯೂ ತಗ್ಗಿತು. ಅದೇ ಕಾಲದಲ್ಲಿ ಕೀನ್ಯಾದ ಪಶ್ಚಿಮ ಭಾಗದಲ್ಲಿ ನಡೆದ ಇನ್ನೊಂದು ಅಧ್ಯಯನ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಕೆಲವು ಕುಟುಂಬಗಳಿಗೆ ಹಣವನ್ನು ಒಂದೇ ಸಲಕ್ಕೆ, ಕೆಲವಕ್ಕೆ ತಿಂಗಳ ಕಂತುಗಳಲ್ಲಿ ಕೊಟ್ಟರು. ಕಂತಿನಲ್ಲಿ ಪಡೆದವರ ಮನೆಯಲ್ಲಿ ಊಟದ ಭದ್ರತೆ ಹೆಚ್ಚು ಸುಧಾರಿಸಿತು. ಇಡಿಯಾಗಿ ಪಡೆದವರು ತಗಡಿನ ಮಾಡಿನಂಥ ಬಾಳಿಕೆಯ ವಸ್ತುಗಳಿಗೆ ಹೆಚ್ಚು ಹಾಕಿದರು. ಎರಡಕ್ಕೂ ಅದರದರ ಉಪಯೋಗವಿದೆ. ಆದರೆ ತಿಂಗಳ ಹಣವೆಂದು ಕೊಟ್ಟದ್ದು ತಿಂಗಳ ಹಣವಾಗಿಯೇ ತಲುಪದಿದ್ದರೆ ಅದು ಮಾಡಬೇಕಾದ ಕೆಲಸವೇ ಬೇರೆಯಾಗಿಬಿಡುತ್ತದೆ.

ನಮ್ಮಲ್ಲಿ ಆಗಿರುವುದೂ ಇದೇ. ಗೃಹಲಕ್ಷ್ಮಿಯ ಕಂತುಗಳು ಹಲವು ಬಾರಿ ತಿಂಗಳುಗಟ್ಟಲೆ ತಡವಾಗಿ, ಎರಡು ಮೂರು ಒಟ್ಟಿಗೆ ಬಂದಿವೆ. ಬಾಕಿ ಸೇರಿಸಿ ಕೊಟ್ಟರೆ ಮೊತ್ತಕ್ಕೇನೂ ನಷ್ಟವಿಲ್ಲವಲ್ಲ ಎಂದು ಕಚೇರಿಯ ಮೇಜಿನ ಮುಂದೆ ಅನ್ನಿಸಬಹುದು. ಮನೆಯ ಲೆಕ್ಕ ಹಾಗಿಲ್ಲ. ಹಣ ನಿಂತ ಮೂರು ತಿಂಗಳಲ್ಲಿ ಉದ್ರಿ ನಿಲ್ಲುತ್ತದೆ, ಐದು ರೂಪಾಯಿ ಬಡ್ಡಿಯ ಸಾಲ ಮತ್ತೆ ಮನೆ ಹೊಕ್ಕುತ್ತದೆ. ನಾಲ್ಕನೆಯ ತಿಂಗಳು ಆರು ಸಾವಿರ ಒಟ್ಟಿಗೆ ಬಂದಾಗ ಅದು ಬಂದ ಸುದ್ದಿ ಊರಿಗೆಲ್ಲ ಗೊತ್ತಿರುವುದರಿಂದ ಸಾಲ ಕೊಟ್ಟವರು ಅಂದೇ ಬಾಗಿಲಿಗೆ ಬರುತ್ತಾರೆ. ಉಳಿತಾಯದ ವಿಷಯದಲ್ಲೂ ಹೀಗೇ. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿ, ಅಂದರೆ ಎಲ್ಲರೂ ಆರ್.ಡಿ. ಎನ್ನುವುದು, ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. ಈಗಿನ ಶೇ 6.7ರ ಬಡ್ಡಿಯಲ್ಲಿ ತಿಂಗಳಿಗೆ 500ರಂತೆ ಕಟ್ಟಿದರೆ 30,000 ರೂಪಾಯಿಯ ಕಟ್ಟಿಕೆ ಸುಮಾರು 35,700 ಆಗುತ್ತದೆ. ಮಗಳನ್ನು ಕಾಲೇಜಿಗೆ ಸೇರಿಸುವ ಹೊತ್ತಿಗೆ ಅದು ದೊಡ್ಡ ಆಸರೆ. ಆದರೆ ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡವಿದೆ, ನಾಲ್ಕು ಕಂತು ತಪ್ಪಿದರೆ ಖಾತೆಯೇ ಸ್ಥಗಿತವಾಗುತ್ತದೆ. ಕೊಡುವವರ ಕಂತು ತಪ್ಪಿದ್ದಕ್ಕೆ ಕಟ್ಟುವವಳು ದಂಡ ತೆರುವ ಸ್ಥಿತಿ ಬಂದಿರುವುದನ್ನು ಕಂಡ ಮೇಲೆ, ಈಗ ನಾನು ಮೊದಲು ಎರಡು ಕಂತಿನಷ್ಟು ಹಣ ಖಾತೆಯಲ್ಲೇ ಉಳಿಯಲಿ, ಆಮೇಲೆ ಆರ್.ಡಿ. ಶುರುಮಾಡೋಣ ಎಂದು ಹೇಳುತ್ತೇನೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮತ್ತು 436 ರೂಪಾಯಿಯ ಜೀವ ವಿಮೆಯನ್ನು ಮಾತ್ರ ಮುಂದೂಡಬೇಡಿ ಎನ್ನುತ್ತೇನೆ. ಎತ್ತರದ ಸಾರವೆಯ ಮೇಲೆ ನಿಂತು ದುಡಿಯುವ ಮನುಷ್ಯನ ಮನೆಗೆ ಆ ಎರಡೆರಡು ಲಕ್ಷದ ರಕ್ಷಣೆ ಇರಲೇಬೇಕು.

ಹಣ ಬರದೇ ಇರುವುದಕ್ಕೆ ಸರ್ಕಾರದ ವಿಳಂಬ ಮಾತ್ರವೇ ಕಾರಣವಲ್ಲ. ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಆಧಾರ್ ಜೋಡಣೆಗೆ ಸಂಬಂಧಿಸಿದವು. ಆಧಾರ್ ಮೂಲಕ ಬರುವ ಹಣ, ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಯನ್ನು ಆಧಾರ್‌ಗೆ ಮ್ಯಾಪ್ ಮಾಡಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದೋ ಮಗುವಿನ ವಿದ್ಯಾರ್ಥಿವೇತನಕ್ಕೆಂದೋ ಯಾವಾಗಲೋ ತೆರೆದು ಮರೆತ ಖಾತೆಗೆ ತಿಂಗಳುಗಳಿಂದ ಹಣ ಬೀಳುತ್ತಿದ್ದು, ಹೆಣ್ಣುಮಗಳು ಹಳೆಯ ಪಾಸ್‌ಬುಕ್ ಹಿಡಿದು ಅಲೆದದ್ದನ್ನು ನೋಡಿದ್ದೇನೆ. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಲಿಂಕ್ ಆಗಿದೆಯೇ ಎಂದು ಕೇಳಿದರೆ ಸಾಲದು, ಎನ್‌.ಪಿ.ಸಿ.ಐ. (ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಎಂದು ಕೇಳಬೇಕು. ಹತ್ತಿ, ಸಿಮೆಂಟು, ಮೆಣಸಿನಕಾಯಿಯಲ್ಲಿ ದುಡಿದ ಕೈಗಳ ಬೆರಳ ಗೆರೆ ಸವೆದು, ಹಳ್ಳಿಯಲ್ಲೇ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಯಂತ್ರ ಗುರುತು ಹಿಡಿಯದಿದ್ದರೆ, ಹಣ ಹೋಯಿತೆಂದು ಹೆದರಬೇಕಾಗಿಲ್ಲ. ಶಾಖೆಗೆ ಹೋಗಿ ಪಾಸ್‌ಬುಕ್ಕಿನ ಮೇಲೆ ತೆಗೆಯಬಹುದು. ಇನ್ನು ಕೆಲವೆಡೆ ಹಳೆಯ ಸಾಲದ ಬಾಕಿಗೆ ಈ ಹಣವನ್ನು ಮುರಿದುಕೊಂಡದ್ದೂ ಉಂಟು. ಅಂಥ ಒಂದು ಪ್ರಕರಣದಲ್ಲಿ ಲಿಖಿತ ದೂರು ಕೊಟ್ಟ ಮೇಲೆ ಹಣ ವಾಪಸು ಬಂತು. ಬಾಯಿಮಾತಿನ ದೂರಿಗೆ ಅಲ್ಲಿಯ ತನಕ ಯಾರೂ ಕಿವಿಗೊಟ್ಟಿರಲಿಲ್ಲ.

ಇನ್ನೊಂದು ತೊಡಕು ಮನೆಯೊಳಗಿನದು. ಅನೇಕ ಪಡಿತರ ಚೀಟಿಗಳಲ್ಲಿ ಯಜಮಾನಿ ಎಂದಿರುವುದು ಅತ್ತೆಯ ಹೆಸರು. ಅತ್ತೆ ತೀರಿಕೊಂಡರೆ ಹಣ ನಿಲ್ಲುತ್ತದೆ. ಮರಣ ಪ್ರಮಾಣಪತ್ರ ಮಾಡಿಸಿ, ಚೀಟಿಯಲ್ಲಿ ಸೊಸೆಯ ಹೆಸರನ್ನು ಯಜಮಾನಿಯಾಗಿ ತಿದ್ದಿಸಿ, ಹೊಸದಾಗಿ ಅರ್ಜಿ ಹಾಕಬೇಕು. ಸೂತಕದ ಮನೆಯಲ್ಲಿ ಈ ಮಾತು ತೆಗೆಯಲು ಸಂಕೋಚವಾಗುತ್ತದೆ, ಆದರೂ ತಿಂಗಳೊಳಗೆ ಹೋಗಿ ಹೇಳುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ.

ಈ ಹಣದಿಂದ ಆಗದ ಕೆಲಸಗಳನ್ನೂ ಹೇಳಬೇಕು. ಒಂದು ದೊಡ್ಡ ಆಸ್ಪತ್ರೆಯ ಬಿಲ್ಲಿನ ಮುಂದೆ ಎರಡು ಸಾವಿರ ನಿಲ್ಲುವುದಿಲ್ಲ. ಕೂಲಿ ಏರದಿದ್ದರೆ ಅದರ ಜಾಗವನ್ನು ಇದು ತುಂಬುವುದಿಲ್ಲ. ಮೊತ್ತವನ್ನು ಬೆಲೆಗಳ ಜೊತೆ ಏರಿಸುವ ವ್ಯವಸ್ಥೆಯೂ ಇಲ್ಲ. 60ರಿಂದ 79ರ ವಯಸ್ಸಿನವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ವರ್ಷಾನುವರ್ಷಗಳಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿರುವುದನ್ನು ನೋಡಿದರೆ, ಏರಿಸದೆ ಬಿಟ್ಟ ನೆರವು ಹೇಗೆ ಕರಗುತ್ತದೆ ಎಂಬುದು ತಿಳಿಯುತ್ತದೆ. ಆದರೆ ಮೊತ್ತ ಏರಿಸಲು ಬೊಕ್ಕಸದಲ್ಲಿ ಹಣ ಬೇಕು. ತಾರೀಖು ಗೊತ್ತುಮಾಡಿ ಅದಕ್ಕೆ ಬದ್ಧವಾಗಿರಲು ಬೇಕಾದದ್ದು ಹೆಚ್ಚಾಗಿ ಆಡಳಿತದ ಶಿಸ್ತು. ನೌಕರರಿಗೆ ಸಂಬಳದ ದಿನ ಇರುವಂತೆ ಈ ಹಣಕ್ಕೂ ಒಂದು ದಿನ ಇರಲಿ, ತಡವಾಗುವುದಾದರೆ ಎಷ್ಟು ತಡ ಎಂದು ಮೊಬೈಲಿಗೆ ಒಂದು ಸಂದೇಶವಾದರೂ ಬರಲಿ ಎಂದು ಜಿಲ್ಲಾ ಮಟ್ಟದ ಸಭೆಗಳಲ್ಲಿ ನಾನು ಕೇಳುತ್ತಲೇ ಇದ್ದೇನೆ.

ಕಳೆದ ಸಲ ಆ ಮನೆಗೆ ಹೋದಾಗ ಹೊಸ ವರ್ಷದ ಕ್ಯಾಲೆಂಡರು ಗೋಡೆಯ ಮೇಲಿತ್ತು. ಸಂತೆಯ ದಿನ, ಸಂಘದ ಕಂತಿನ ದಿನ, ಅತ್ತೆಯ ಮಾತ್ರೆ ಮುಗಿಯುವ ದಿನ ಎಲ್ಲಕ್ಕೂ ಆಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. ಹಿಂದಿರುಗುವಾಗ ಕಿರಾಣಿ ಅಂಗಡಿಯವರು ನನ್ನನ್ನು ತಡೆದು, "ಸರ, ಈ ತಿಂಗಳ ಲಕ್ಷ್ಮಿ ರೊಕ್ಕ ಯಾವ ತಾರೀಖಿಗೆ ಬರ್ತಾವ್ರಿ? ಈಕೀ ಖಾತೆಯೊಳಗ ಬರಕೋಬೇಕ್ರಿ" ಎಂದು ಕೇಳಿದರು. ಅವರ ಉದ್ರಿ ಪುಸ್ತಕದ ಆ ಸಾಲು ನಾನು ಹೊರಡುವಾಗಲೂ ಖಾಲಿಯೇ ಇತ್ತು.